ಹೆಸರು ಕೇಳದ ಬಾಗಿಲು

ನಮ್ಮ ಅತ್ತಿಗೆಗೆ ಬೀದಿಯವರು ಇಟ್ಟ ಹೆಸರು ಬಾಗಿಲಮ್ಮ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಕರೆದರೆ ಅವತ್ತು ಅವರ ಗ್ರಹಚಾರ ನೆಟ್ಟಗಿಲ್ಲ ಎಂದೇ ಅರ್ಥ. ಹಿಂದಿನಿಂದ ಮಾತ್ರ ತರಕಾರಿಯವಳಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರ ಬಾಯಲ್ಲೂ ಅದೇ. ನಾನು ಅವಳ ನಾದಿನಿ, ತೀರಿಹೋದ ಅವಳ ಗಂಡನ ತಂಗಿ. ಅತ್ತಿಗೆ ನಾದಿನಿ ಅಂದರೆ ಹಾವು ಮುಂಗುಸಿ ಎಂದು ಜನ ತಿಳಿದಿರುತ್ತಾರೆ. ನಾವಿಬ್ಬರೂ ಜಗಳವಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ದಿನಾ ಆಡುತ್ತೇವೆ. ಆದರೆ ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ಜಗಳವೂ ಪಾತ್ರೆ ತೊಳೆದ ಹಾಗೆ ಒಂದು ಮನೆಗೆಲಸವಾಗಿಬಿಟ್ಟಿದೆ. ಮುಗಿಸದಿದ್ದರೆ ಊಟ ಸೇರುವುದಿಲ್ಲ.

ನಮ್ಮದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಮೂರಂತಸ್ತಿನ ಮನೆ. ಅಣ್ಣ ಇದ್ದಾಗ ಅದು ಲಾಡ್ಜ್ ಆಗಿತ್ತು. ಈಗಲೂ ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಕಾಣುವುದು ಮರದ ಕೌಂಟರು, ಅದರ ಹಿಂದೆ ಬೀಗದ ಕೈ ನೇತುಹಾಕುವ ಹಲಗೆ, ಪಕ್ಕಕ್ಕೆ ಮಹಡಿಯ ಮೆಟ್ಟಿಲು. ಅಣ್ಣ ಹೊರಗಿನ ವ್ಯವಹಾರ ನೋಡಿಕೊಂಡರೆ ಕೌಂಟರಿನಲ್ಲಿ ಕೂರುವುದು ಅತ್ತಿಗೆಯ ಪಾಲು. ತಂಗಲು ಬಂದವರ ಹೆಸರು, ಊರು, ಬಂದ ಕಾರಣ ಎಲ್ಲವನ್ನೂ ಬರೆಸಿಕೊಳ್ಳಬೇಕೆಂದು ಕಾನೂನಿತ್ತು. ಅವಳು ಹೇಳುವ ಪ್ರಕಾರ ಅಷ್ಟು ವರ್ಷಗಳಲ್ಲಿ ನಿಜವಾದ ಹೆಸರು ಬರೆದವನು ಒಬ್ಬ ಮಿಲಿಟರಿಯವನು ಮಾತ್ರ, ಅದೂ ಅವನ ಅಂಗಿಯ ಜೇಬಿನ ಮೇಲೇ ಹೊಲಿದಿತ್ತಂತೆ. ಉಳಿದವರೆಲ್ಲ ಬಾಯಿಗೆ ಬಂದದ್ದನ್ನು ಬರೆದು ಹೋದವರು. ಹೆಸರು ಕೇಳುವುದೆಂದರೆ ಒಂದು ಸುಳ್ಳು ಹೇಳಿ ಎಂದು ಬೇಡಿಕೊಂಡ ಹಾಗೆ ಎಂಬ ತೀರ್ಮಾನಕ್ಕೆ ಅವಳು ಆ ಕೌಂಟರಿನಲ್ಲೇ ಬಂದಳು.

ಅಣ್ಣ ಹೋದ ಮೇಲೆ ಲಾಡ್ಜ್ ಮುಚ್ಚಿದೆವು. ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತೆಗೆದರೆ ಒಬ್ಬಳು ನಿಂತಿದ್ದಾಳೆ, ತುಟಿ ಒಡೆದಿದೆ, ಕಂಕುಳಲ್ಲಿ ಪ್ರೆಷರ್ ಕುಕ್ಕರು. ಮನೆ ಬಿಟ್ಟು ಓಡುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ. ಲಾಡ್ಜ್ ಇಲ್ಲಮ್ಮ ಎಂದು ನಾನು ಹೇಳುವಷ್ಟರಲ್ಲಿ ಅತ್ತಿಗೆ ಹಿಂದಿನಿಂದ ಬಂದು, ಅದು ಭಾರ ಇರುತ್ತೆ, ಮೊದಲು ಕೆಳಗಿಡು ಅಂದಳು. ಯಾರು, ಏನು, ಎತ್ತ ಒಂದನ್ನೂ ಕೇಳಲಿಲ್ಲ. ಮಹಡಿಯ ಮೇಲೊಂದು ಕೋಣೆ ಗುಡಿಸಿ ಹಾಸಿಗೆ ಹಾಸಿಕೊಟ್ಟಳು. ಸಂಜೆ ಊಟಕ್ಕೆ ಕರೆಯಬೇಕಲ್ಲ, ಏನೆಂದು ಕರೆಯುವುದು? ಮೆಟ್ಟಿಲ ಬುಡದಲ್ಲಿ ನಿಂತು, 'ಕುಕ್ಕರ್, ಊಟಕ್ಕೆ ಬಾ' ಎಂದು ಕೂಗಿದಳು. ಮೇಲಿನಿಂದ ಮೊದಲು ನಗು ಕೇಳಿಸಿತು, ಆಮೇಲೆ ಹೆಜ್ಜೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ಬಂದವಳ ಕೈಯಲ್ಲಿ ಏನಿತ್ತೋ ಅದೇ ಅವಳ ಹೆಸರು. ಕೊಡೆ ಹಿಡಿದು ಬಂದವಳು ಕೊಡೆ. ತಲೆದಿಂಬು ತಬ್ಬಿಕೊಂಡು ಬಂದವಳು ದಿಂಬು. ಹೊಲಿಗೆ ಯಂತ್ರವನ್ನು ಆಟೋದಲ್ಲಿ ಹೇರಿಕೊಂಡು ಬಂದ ಗಟ್ಟಿಗಿತ್ತಿಯೊಬ್ಬಳಿದ್ದಳು, ಅವಳು ಮಿಷನ್. ಕೆಲವರು ನಾಲ್ಕು ದಿನ ಇದ್ದರು, ಕೆಲವರು ವರ್ಷಗಟ್ಟಲೆ. ಕೆಲಸ ಸಿಕ್ಕಿ, ಧೈರ್ಯ ಬಂದು ಹೊರಟಾಗಲೂ ಹೆಸರು ಕೇಳುತ್ತಿರಲಿಲ್ಲ. ಹೊರಗೆ ಎದುರಾದರೆ ಅವರು ಮಾತಾಡಿಸಿದರಷ್ಟೇ ನಾವು ಮಾತಾಡಿಸಬೇಕು, ಅದು ಅತ್ತಿಗೆಯ ಕಟ್ಟಪ್ಪಣೆ. ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮಾರ್ಕೆಟ್ಟಿನಲ್ಲಿ ಪರಿಚಿತ ಮುಖ ಕಂಡು ತಲೆ ತಿರುಗಿಸಿಕೊಂಡು ಹೋಗುವುದು ನನಗೆ ಎಂಥ ಶಿಕ್ಷೆಯೆಂದು ನನಗೇ ಗೊತ್ತು.

ಕಲ್ಯಾಣ ಇಲಾಖೆಯವರು ನಮ್ಮ ಮನೆಯನ್ನು ಆಶ್ರಯದ ಮನೆಯೆಂದು ಒಪ್ಪಿ ಪರವಾನಗಿ ಕೊಟ್ಟರು. ಆ ಪರವಾನಗಿ ಇದ್ದರೇ ದಿನಸಿ ಬರುವುದು, ಅದಿದ್ದರೇ ಪೊಲೀಸರು ಸುಮ್ಮನೆ ಒಳಗೆ ನುಗ್ಗದಿರುವುದು.

ಬರಿಗೈ ಬಂದದ್ದು ಹೋದ ವರ್ಷ. ಹೆಸರೇ ಹೇಳುವಂತೆ ಅವಳ ಕೈಯಲ್ಲಿ ಏನೂ ಇರಲಿಲ್ಲ, ಒಂದು ಕೈಯ ಬೆರಳು ಹಿಡಿದುಕೊಂಡ ಮಗಳನ್ನು ಬಿಟ್ಟರೆ. ಮಗುವನ್ನು ಸಾಮಾನಿನ ಲೆಕ್ಕಕ್ಕೆ ಹಿಡಿಯುವುದು ಹೇಗೆ? ಮಗಳು ಪುಟ್ಟಿಯಾದಳು, ತಾಯಿ ಬರಿಗೈಯಾದಳು. ಅವಳ ಎಡಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಸುಟ್ಟ ಕಲೆ. ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸಕ್ಕೆ ನಿಂತಳು. ನಾನು ಹತ್ತು ಮಾತಾಡಿದರೆ ಅವಳು ಒಂದು. ತರಕಾರಿ ಹೆಚ್ಚುತ್ತಿರುವಾಗ ಬಾಗಿಲು ಬಡಿದ ಸದ್ದಾದರೆ ಅವಳ ಚಾಕು ಅಲ್ಲೇ ನಿಲ್ಲುತ್ತಿತ್ತು. ಅತ್ತಿಗೆಯ ಧ್ವನಿ ಕೇಳಿ, ಬಂದದ್ದು ಹಾಲಿನವನೆಂದು ಖಾತ್ರಿಯಾದ ಮೇಲೇ ಮತ್ತೆ ಹೆಚ್ಚುವುದು. ಏನಾಗಿತ್ತಮ್ಮ ನಿನಗೆ ಎಂಬ ಪ್ರಶ್ನೆ ಎಷ್ಟೋ ಸಲ ನಾಲಗೆಯ ತುದಿಗೆ ಬಂದು, ಅತ್ತಿಗೆಯ ಮುಖ ನೆನಪಾಗಿ ವಾಪಸು ಹೋಗುತ್ತಿತ್ತು.

ಸರ್ಕಾರದ ಗುರುತಿನ ಸಂಖ್ಯೆ ಊರಿಗೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಒಂದು ಯಂತ್ರಕ್ಕೆ ಹೆಬ್ಬೆರಳು ಒತ್ತಬೇಕು, ಮುಖ ತೋರಿಸಬೇಕು, ಅಷ್ಟಾದರೆ ನೀವು ನೀವೇ. ಮೊದಲು ಬೇಕಾದವರಿಗೆ ಮಾತ್ರ ಅಂದರು. ನೋಡನೋಡುತ್ತ ಆಸ್ಪತ್ರೆಗೆ ಬೇಕು, ಶಾಲೆಗೆ ಬೇಕು, ಪಿಂಚಣಿಗೆ ಬೇಕು ಎಂದಾಯಿತು. ಇದನ್ನು ವಿರೋಧಿಸಿ ವಯಸ್ಸಾದವರ ಒಂದು ಗುಂಪು ವಾರಕ್ಕೊಮ್ಮೆ ಪೋಸ್ಟಾಫೀಸಿನ ಮುಂದೆ ಫಲಕ ಹಿಡಿದು ನಿಲ್ಲುತ್ತಿತ್ತು. ಅವರ ಮುಂದಾಳು ಒಬ್ಬ ನಿವೃತ್ತ ಬಸ್ ಕಂಡಕ್ಟರು. ದಿನಸಿ ತರಲು ಹೋಗುವಾಗ ನಾನು ಅವರ ಮುಂದೆಯೇ ಹಾದುಹೋಗಬೇಕು. ಮಾಡಲು ಬೇರೆ ಕೆಲಸವಿಲ್ಲವೇನು ಇವರಿಗೆ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ, ಕೆಲವು ಸಲ ಬಾಯಿಬಿಟ್ಟೂ.

ಅತ್ತಿಗೆಗಂತೂ ಆ ಯಂತ್ರದ ಮೇಲೆ ಒಳ್ಳೆಯ ಅಭಿಪ್ರಾಯವೇ ಇತ್ತು. ಹೆಸರು ಕೇಳದವಳಿಗೆ ಇದೆಂಥ ಮೋಹ ಎಂದು ನಿಮಗೆ ಅನ್ನಿಸಬಹುದು. ಅವಳ ವಾದವೇ ಬೇರೆ. ನಮ್ಮ ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ದರೆ ಕಿಟಕಿಯ ಗುಮಾಸ್ತ ನೂರೆಂಟು ಪ್ರಶ್ನೆ ಹಾಕುತ್ತಾನೆ, ಗಂಡ ಎಲ್ಲಿ ಅನ್ನುತ್ತಾನೆ, ಹಿಂದೆ ನಿಂತವರೆಲ್ಲ ಕಿವಿ ನಿಮಿರಿಸುತ್ತಾರೆ. ಯಂತ್ರವಾದರೆ ಬೆರಳು ನೋಡಿ ಸುಮ್ಮನಾಗುತ್ತದೆ. ಅದಕ್ಕೆ ಬಾಯಿಲ್ಲ, ಚಾಡಿ ಹೇಳುವುದಿಲ್ಲ. ಹೀಗಾಗಿ, ಆಶ್ರಯದ ಮನೆಗಳಲ್ಲೂ ಯಂತ್ರವಿಟ್ಟು ಅಲ್ಲಿರುವವರಿಂದ ದಿನಾ ಹಾಜರಿ ಒತ್ತಿಸಬೇಕು ಎಂದು ಇಲಾಖೆಯವರು ಬಂದು ಹೇಳಿದಾಗ ಅವಳು ಖುಷಿಯಾಗಿಯೇ ಒಪ್ಪಿಬಿಟ್ಟಳು. ಬಂದ ನಿರ್ದೇಶಕರು ನಿಮ್ಮದು ಮಾದರಿ ಮನೆ ಎಂದು ಒಂದು ಮಾತು ಬೇರೆ ಎಸೆದು ಹೋಗಿದ್ದರು. ಅತ್ತಿಗೆ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಯಾರನ್ನೂ ಏನೂ ಕೇಳುವ ಅಭ್ಯಾಸವಿಲ್ಲದವಳು ಇದನ್ನೂ ಯಾರನ್ನೂ ಕೇಳಲಿಲ್ಲ.

ಯಂತ್ರ ಬಂದದ್ದು ಬೆಳಗಿನ ತಿಂಡಿ ಮುಗಿದ ಹೊತ್ತಿಗೆ. ತಂದವನು ನಡುವಯಸ್ಸಿನ ಮೆಕ್ಯಾನಿಕ್. ಹಳೆಯ ಕೌಂಟರಿನ ಮೇಲೆ ಅದನ್ನು ಕೂರಿಸಿ, ತಂತಿ ಎಳೆದು, ದೀಪ ಹತ್ತುವುದೋ ಇಲ್ಲವೋ ಎಂದು ನೋಡುತ್ತಿದ್ದ. ಅತ್ತಿಗೆ ಎಲ್ಲರನ್ನೂ ಮೆಟ್ಟಿಲ ಉದ್ದಕ್ಕೂ ಸಾಲಾಗಿ ನಿಲ್ಲಿಸಿದಳು, ಫೋಟೋ ತೆಗೆಸುವವಳ ಹಾಗೆ. ಸಾಲಿನಲ್ಲಿ ಬರಿಗೈ ಕಾಣಲಿಲ್ಲ. ಕರೆದುಕೊಂಡು ಬಾ ಎಂದು ನನ್ನನ್ನು ಅಟ್ಟಿದಳು.

ಅಡುಗೆಮನೆಯಲ್ಲಿ ಅವಳಿರಲಿಲ್ಲ. ಹಿಂದಿನ ಕೋಣೆಗೆ ಹೋದರೆ ಮಗುವಿಗೆ ಎರಡು ಅಂಗಿಯ ಮೇಲೆ ಇನ್ನೊಂದು ಅಂಗಿ ತೊಡಿಸುತ್ತಿದ್ದಳು. ಉಳಿದ ಬಟ್ಟೆಯೆಲ್ಲ ಹಾಸಿಗೆಯ ಹೊದಿಕೆಯಲ್ಲಿ ಗಂಟಾಗಿತ್ತು. ನನಗೆ ಸಿಟ್ಟೇ ಬಂತು. ಎಲ್ಲರೂ ನಿಂತು ಕಾಯುತ್ತಿದ್ದಾರೆ, ಒಂದು ಬೆರಳು ಒತ್ತುವುದಕ್ಕೆ ಇದೇನು ನಿನ್ನ ವೈಭೋಗ ಎಂದು ಗದರಿದೆ. ಅವಳು ಅಂಗಿಯ ಗುಂಡಿ ಹಾಕುವುದನ್ನು ನಿಲ್ಲಿಸಲಿಲ್ಲ.

'ಅಕ್ಕ, ನನ್ನ ಗಂಡ ಈ ಬೆರಳಚ್ಚಿನ ಆಫೀಸಲ್ಲೇ ಕೆಲಸ ಮಾಡೋದು. ಊರಲ್ಲಿ ಎಲ್ಲಿ ಯಾರು ಬೆರಳು ಒತ್ತಿದ್ರೂ ಅವನ ಕಂಪ್ಯೂಟರಲ್ಲಿ ಕಾಣುತ್ತೆ. ಹಿಂದೆ ಇನ್ನೊಂದು ಮನೇಲಿ ಇದ್ದೆ. ಮಗಳಿಗೆ ಜ್ವರ ಅಂತ ಆಸ್ಪತ್ರೇಲಿ ಬೆರಳು ಒತ್ತಿದೆ. ಸಾಯಂಕಾಲದೊಳಗೆ ಬಾಗಿಲಲ್ಲಿ ನಿಂತಿದ್ದ.' ಆಮೇಲೆ ತನ್ನ ಎಡಗೈ ತೋರಿಸಿದಳು. 'ಇದು ಆವತ್ತಿನದು.'

ಅವಳ ಕೈಯಿಂದ ಗಂಟು ಕಿತ್ತುಕೊಂಡು ಮಂಚದ ಕೆಳಗೆ ತಳ್ಳಿದೆ. ಕೌಂಟರಿನ ಹತ್ತಿರ ಓಡಿಬಂದು ಅತ್ತಿಗೆಯ ಕಿವಿಯಲ್ಲಿ ಹೇಳಿದೆ. ಸಾಲಿನ ಮುಂದಿದ್ದ ನಮ್ಮ ಮಿಷನ್ ಆಗಲೇ ಬೆರಳು ಚಾಚಿ ನಿಂತಿದ್ದಳು. ಅತ್ತಿಗೆ ಬಗ್ಗಿ ಯಂತ್ರದ ಪ್ಲಗ್ ಕಿತ್ತಳು. ಮೆಕ್ಯಾನಿಕ್ ಗಾಬರಿಯಾದ. ಅವನಿಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಬಿಸ್ಕತ್ತು ಕೊಟ್ಟು, ಯಂತ್ರವನ್ನು ಪೆಟ್ಟಿಗೆಗೆ ತುಂಬಿಸಿ, ಬಂದ ದಾರಿಯಲ್ಲೇ ಕಳಿಸಿದಳು. ಅವನೂ ಒಳ್ಳೆಯವನೇ. ಏನೆಂದು ಬರೆದುಕೊಳ್ಳಲಿ ಎಂದು ಕೇಳಿದ. ಬಾಗಿಲಮ್ಮ ಬೇಡ ಅಂದಳು ಅಂತ ಬರೆದುಕೋ ಎಂದಳು ಅತ್ತಿಗೆ. ಆ ಹೆಸರನ್ನು ಅವಳು ತಾನೇ ಹೇಳಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವತ್ತು ಮಧ್ಯಾಹ್ನ ಅತ್ತಿಗೆ ಊಟ ಮಾಡಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನನಗೂ ಬರಿಗೈಗೂ ಕೇಳುವಂತೆ ಹೇಳಿದಳು.

'ಕೇಳದೇ ಇರೋದೇ ದೊಡ್ಡ ಗುಣ ಅಂದ್ಕೊಂಡು ಇಷ್ಟು ವರ್ಷ ಬೀಗಿದೆ. ಒಂದು ಮಾತು ಕೇಳಿದ್ರೆ ಸಾಕಿತ್ತು. ನನ್ನ ಕೈಯಾರೆ ನಿನ್ನ ಅವನ ಮುಂದೆ ನಿಲ್ಲಿಸ್ತಿದ್ನಲ್ಲೇ.'

ಬರಿಗೈ ಅವಳ ಮುಂದೆ ತಟ್ಟೆ ಇಟ್ಟಳು. ಅತ್ತಿಗೆ ಅದನ್ನು ಪಕ್ಕಕ್ಕೆ ಸರಿಸಿದಳು. ಇವಳು ಮತ್ತೆ ಮುಂದಿಟ್ಟಳು. ಹೀಗೇ ಆ ತಟ್ಟೆ ನಾಲ್ಕು ಸಲ ಓಡಾಡಿದ ಮೇಲೆ ಅತ್ತಿಗೆ ಸೋತು ತುತ್ತು ಎತ್ತಿದಳು.

ಯಂತ್ರ ವಾಪಸು ಕಳಿಸಿದ್ದಕ್ಕೆ ಇಲಾಖೆಯ ಕಾಗದ ಬರಲು ತಡವಾಗಲಿಲ್ಲ. ಹಾಜರಿ ಒತ್ತಿಸದ ಮನೆಗಳ ಪರವಾನಗಿ ರದ್ದಾಗುತ್ತದೆ, ಆಕ್ಷೇಪವಿದ್ದವರು ಪುರಭವನದಲ್ಲಿ ನಡೆಯುವ ಅಹವಾಲು ಸಭೆಗೆ ಬಂದು ಹೇಳಬಹುದು ಎಂದಿತ್ತು. ಒತ್ತಿಸಿದರೆ ಬರಿಗೈ ಸಿಕ್ಕಿಬೀಳುತ್ತಾಳೆ. ಒತ್ತಿಸದಿದ್ದರೆ ಮನೆ ಮುಚ್ಚಿ ಅವಳು ಬೀದಿಗೆ ಬೀಳುತ್ತಾಳೆ, ಅವಳ ಜೊತೆ ಉಳಿದವರೂ. ನಾನು ಸಿಟ್ಟಿಗೆ ಎರಡು ಲೋಟ ಒಡೆದೆ. ಒಡೆದ ಮೇಲೆ ಪೋಸ್ಟಾಫೀಸಿನ ದಾರಿ ಹಿಡಿದೆ.

ಕಂಡಕ್ಟರು ಫಲಕ ಹಿಡಿದು ನಿಂತಿದ್ದರು. ಮೊದಲು ನನ್ನ ಬೈಗುಳಗಳನ್ನು ವಾಪಸು ತೆಗೆದುಕೊಂಡೆ. ಅವರು, ಪರವಾಗಿಲ್ಲ ತಾಯಿ, ಬಸ್ಸಿನಲ್ಲಿ ಇದಕ್ಕಿಂತ ಚೆನ್ನಾಗಿ ಬೈಸಿಕೊಂಡವನು ನಾನು ಅಂದರು. ಆಮೇಲೆ ಮನೆಗೆ ಬಂದು ಕೌಂಟರಿಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡರು. ಅವರ ಗುಂಪಿನಲ್ಲಿ ಬೆರಳಿನ ಗೆರೆ ಸವೆದು ಪಿಂಚಣಿ ನಿಂತವರಿದ್ದರು. ಯಂತ್ರ ಬೇರೆ ಯಾರದೋ ಮುಖವೆಂದು ಹೇಳಿದ್ದರಿಂದ ಮಗಳ ಹೆರಿಗೆಯ ದಿನ ಆಸ್ಪತ್ರೆಯ ಹೊರಗೇ ಉಳಿದ ಅಜ್ಜಿಯಿದ್ದಳು. ಆದರೆ ಅಡಗಿಕೊಳ್ಳಬೇಕಾದವರ ಕಷ್ಟ ತಮಗೆ ಹೊಳೆದೇ ಇರಲಿಲ್ಲ ಎಂದರು.

'ಮೂವತ್ತು ವರ್ಷ ಜನಾನ ಕರ್ಕೊಂಡು ತಿರುಗಿದೆ. ಎಲ್ಲಿಗೆ ಹೋಗ್ಬೇಕು ಅಂತ ಕೇಳ್ದೆ. ಯಾರು ನೀನು ಅಂತ ಒಬ್ಬರನ್ನೂ ಕೇಳ್ಲಿಲ್ಲ. ಬಸ್ಸು ಎಲ್ಲಾದ್ರೂ ನಿಂತೋಯ್ತಾ?'

ಸಭೆಗೆ ಜನ ಬೇಕು, ಈ ಮನೆಯಲ್ಲಿದ್ದು ಹೋದವರನ್ನು ಕರೆಯಿರಿ ಎಂದು ಅವರು ಹೇಳಿದಾಗ ಅತ್ತಿಗೆ ಖಡಾಖಂಡಿತವಾಗಿ ಆಗುವುದಿಲ್ಲ ಎಂದಳು. ಅವರು ಹೊಸ ಬದುಕು ಕಟ್ಟಿಕೊಂಡಿದ್ದಾರೆ, ಹಳೆಯದನ್ನು ಯಾರಿಗೂ ಹೇಳಿರಲಿಕ್ಕಿಲ್ಲ. ಒಬ್ಬಳನ್ನು ಮರೆಯಲ್ಲಿಡುವುದಕ್ಕೆ ಇನ್ನೊಬ್ಬಳನ್ನು ಬೆಳಕಿಗೆ ಎಳೆಯುವುದು ಯಾವ ನ್ಯಾಯ ಎಂದು ಕೇಳಿದಳು. ಅವಳ ಮಾತು ಸರಿಯೇ. ಆದರೂ ನಾನು ಮಾರನೆಯ ದಿನ ಮಾರ್ಕೆಟ್ಟಿಗೆ ಹೋದಾಗ, ತಲೆ ತಿರುಗಿಸಿಕೊಳ್ಳದೆ ಸೀದಾ ಮೂಲೆಯ ಬೇಕರಿಯೊಳಗೆ ನುಗ್ಗಿದೆ. ಅಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಕೂತಿರುವ, ಈಗ ಒಳ್ಳೆಯ ಗಂಡ, ಎರಡು ಮಕ್ಕಳಿರುವ ಆ ಯಜಮಾನಿಯೇ ನಮ್ಮ ಕುಕ್ಕರ್. ಒಂದು ಬ್ರೆಡ್ ಕೊಳ್ಳುವಷ್ಟು ಹೊತ್ತಿನಲ್ಲಿ ವಿಷಯ ಹೇಳಿ ಮುಗಿಸಿದೆ. ಬಾ ಎಂದು ಕರೆಯಲಿಲ್ಲ, ಅಷ್ಟರಮಟ್ಟಿಗೆ ಅತ್ತಿಗೆಯ ಮಾತು ಉಳಿಸಿದೆ. ಅವಳು ಬ್ರೆಡ್ ಕಟ್ಟಿಕೊಟ್ಟು, ಮುಂದಿನ ಗಿರಾಕಿಗೆ ಏನು ಬೇಕೆಂದು ಕೇಳಿದಳು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

ಸಭೆಯ ದಿನ ಪುರಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಅಧ್ಯಕ್ಷೆ ಕೂತಿದ್ದರು. ನಿವೃತ್ತ ನ್ಯಾಯಾಧೀಶೆ, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಪಕ್ಕದಲ್ಲಿ ನಮ್ಮನ್ನು ಮಾದರಿ ಎಂದು ಹೊಗಳಿದ ನಿರ್ದೇಶಕರು. ವೇದಿಕೆಯ ಕೆಳಗೆ ಒಂದು ಮೇಜು, ಅದರ ಮೇಲೆ ಅದೇ ಯಂತ್ರ. ಮಾತಾಡುವವರು ಮೊದಲು ಅದಕ್ಕೆ ಬೆರಳು ಒತ್ತಿ ತಮ್ಮ ಗುರುತು ಖಾತ್ರಿಪಡಿಸಬೇಕಂತೆ. ಇದನ್ನು ಕೇಳಿ ಇಡೀ ಸಭೆ ಮೊದಲು ನಕ್ಕಿತು, ಆಮೇಲೆ ಗಲಾಟೆ ಎಬ್ಬಿಸಿತು. ಯಂತ್ರ ಬೇಡ ಅನ್ನುವುದಕ್ಕೂ ಯಂತ್ರದ ಅಪ್ಪಣೆ ಬೇಕು ಅಂದರೆ ಇದೆಂಥ ತಮಾಷೆ? ಕಂಡಕ್ಟರು ಬೆರಳು ಕೊಡುವುದಿಲ್ಲ ಎಂದು ಹಟ ಹಿಡಿದರು. ಹಾಗಾದರೆ ಮಾತಾಡುವ ಹಾಗಿಲ್ಲ ಎಂದರು ನಿರ್ದೇಶಕರು. ಸರಿ ಎಂದು ಅವರು ಮೇಜಿನ ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

ಅತ್ತಿಗೆ ಮುಂದೆ ನಡೆದಳು. ತನ್ನ ವಿಳಾಸ ಇಡೀ ಬೀದಿಗೆ ಗೊತ್ತು, ತನ್ನ ಬೆರಳಿನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂದು ಅವಳ ಲೆಕ್ಕ. ನಾನು ಬೆನ್ನಿಗೇ ಇದ್ದೆ. ಮೇಜಿನ ಹಿಂದೆ ಕೂತಿದ್ದವನು ನೀಟಾಗಿ ಬಾಚಿದ ತಲೆಯ, ಗರಿಗರಿ ಅಂಗಿಯ ಮನುಷ್ಯ. ದಯವಿಟ್ಟು ಅನ್ನದೆ ಮಾತೇ ಆಡುತ್ತಿರಲಿಲ್ಲ. ಅತ್ತಿಗೆ ಬೆರಳು ಒತ್ತಿದಳು. ಪರದೆಯ ಮೇಲೆ ನಮ್ಮ ಮನೆಯ ವಿಳಾಸ, ಆಶ್ರಯದ ಮನೆ ಎಂಬ ಮಾತು ಮೂಡಿತು. ಅವನು ಅದನ್ನು ಓದಿದ. ತಲೆ ಎತ್ತದೆ, ಪಕ್ಕದವರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದ.

'ದಯವಿಟ್ಟು ಒಂದು ವಿಷಯ. ನಿಮ್ಮ ಮನೇಲಿ ಚಿಕ್ಕ ಹುಡುಗಿ ಜೊತೆ ಯಾರಾದ್ರೂ ಇದ್ದಾರಾ? ಎಡಗೈ ಮೇಲೆ ಸುಟ್ಟ ಕಲೆ ಇರುತ್ತೆ.'

ಬರಿಗೈಯ ಗಂಡ ಇವನೇ. ಹಿಂದಿನಿಂದ ಅತ್ತಿಗೆಯ ಕಿವಿ ಕೆಂಪಾಗುವುದು ನನಗೆ ಕಾಣಿಸಿತು. ಅವಳು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಸೀದಾ ಮೈಕಿನ ಮುಂದೆ ಹೋದಳು. ಬರೆಸಿಕೊಂಡು ಬಂದಿದ್ದ ಭಾಷಣ ನನ್ನ ಕೈಚೀಲದಲ್ಲೇ ಉಳಿಯಿತು.

'ಅಮ್ಮಾ, ಈ ಯಂತ್ರ ಯಾಕೆ ಬೇಡ ಅಂತ ಹೇಳೋಕೆ ಬಂದಿದ್ದೆ. ಈಗ ನಾನು ಹೇಳೋದು ಬೇಕಾಗಿಲ್ಲ. ಬೆರಳು ಒತ್ತಿದ ತಕ್ಷಣ ಈ ಮನುಷ್ಯ, ನಿನ್ನ ಮನೇಲಿ ಇಂಥವಳು ಇದ್ದಾಳಾ ಅಂತ ನನ್ನ ಕೇಳ್ತಿದ್ದಾನೆ. ಮಗು ಜೊತೆ ಇದ್ದಾಳಾ, ಕೈ ಸುಟ್ಟಿದೆಯಾ ಅಂತ ಕೇಳ್ತಿದ್ದಾನೆ. ಇದು ನಿಮ್ಮ ಸರ್ಕಾರದ ಪ್ರಶ್ನೆನಾ, ಅವನ ಸ್ವಂತದ್ದಾ, ಅವನನ್ನೇ ಕೇಳಿ.'

ಸಭೆಯೆಲ್ಲ ಮೇಜಿನವನತ್ತ ತಿರುಗಿತು. ಅವನು ಎದ್ದು ನಿಂತು, ದಯವಿಟ್ಟು, ತಪ್ಪು ತಿಳಿದಿದ್ದಾರೆ ಎಂದು ಏನೋ ಶುರುಮಾಡಿದ. ಅಷ್ಟರಲ್ಲಿ ಮೂರನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಊರಿನ ಇನ್ನೊಂದು ಕೊನೆಯಲ್ಲಿರುವ ಆಶ್ರಯದ ಮನೆಯ ಮೇಲ್ವಿಚಾರಕಿ ಆಕೆ. ಅವರಲ್ಲಿ ಯಂತ್ರ ಬಂದು ತಿಂಗಳುಗಳಾಗಿದ್ದವು. ಇವನು ತನ್ನನ್ನೂ ಹೀಗೇ ಕೇಳಿದ್ದ, ಸರ್ಕಾರದ ವಿಚಾರಣೆ ಇರಬೇಕೆಂದುಕೊಂಡು ಇದ್ದವರ ಫೋಟೋಗಳನ್ನೆಲ್ಲ ತೋರಿಸಿದೆ ಎಂದಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಗೋಡೆಗೆ ಒರಗಿ ನಿಂತಿದ್ದ ಇನ್ನೊಬ್ಬಳೂ, ನಮ್ಮಲ್ಲಿಗೂ ಬಂದಿದ್ದ ಎಂದಳು. ಅವನು ಎಲ್ಲ ಬಾಗಿಲುಗಳನ್ನೂ ಒಂದೊಂದಾಗಿ ತಟ್ಟಿಕೊಂಡು ಬರುತ್ತಿದ್ದ ಎಂದರೆ ಅವಳು ನಮ್ಮಲ್ಲೇ ಇದ್ದಾಳೆಂದು ಅವನಿಗೆ ಇನ್ನೂ ಗೊತ್ತಿಲ್ಲ ಎಂದಾಯಿತು. ಆ ಗಾಬರಿಯಲ್ಲೂ ಅಷ್ಟು ಹೊಳೆದು ನನಗೆ ಉಸಿರು ಬಂತು.

ನಿರ್ದೇಶಕರು ಮೈಕು ಎಳೆದುಕೊಂಡರು. ಒಬ್ಬ ನೌಕರ ಎಡವಿದ್ದರೆ ತನಿಖೆ ಮಾಡೋಣ, ಅದಕ್ಕಾಗಿ ಇಷ್ಟು ದೊಡ್ಡ ವ್ಯವಸ್ಥೆಯನ್ನು ತಪ್ಪೆನ್ನಲಾಗದು ಎಂದರು. ಅಡಗಿಕೊಂಡೇ ಬದುಕಬೇಕಾದ ಹೆಂಗಸರು ನಿಜವಾಗಿ ಎಷ್ಟು ಜನ ಇದ್ದಾರು, ಇದೆಲ್ಲ ಊಹೆ ಎಂದರು. ಅಂಥ ಒಬ್ಬಳನ್ನಾದರೂ ತೋರಿಸಿ ಎಂದು ಅತ್ತಿಗೆಯತ್ತ ಕೈ ಚಾಚಿದರು. ಅತ್ತಿಗೆ ತುಟಿ ಬಿಗಿಹಿಡಿದು ನಿಂತಳು. ತೋರಿಸಿದರೆ ಬರಿಗೈ ಹೋದಳು, ತೋರಿಸದಿದ್ದರೆ ಮನೆ ಹೋಯಿತು. ಅವಳು ಮನೆಯನ್ನೇ ಬಿಟ್ಟುಕೊಡುತ್ತಾಳೆ ಎಂದು ಅವಳ ನಿಂತ ಭಂಗಿಯಲ್ಲೇ ನನಗೆ ಗೊತ್ತಾಯಿತು.

'ನಾನಿದ್ದೆ.'

ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಬೇಕರಿಯ ಯಜಮಾನಿ ಎದ್ದು ನಿಂತಿದ್ದಳು. ಪಕ್ಕದ ಕುರ್ಚಿಯಲ್ಲಿ ಅವಳ ಗಂಡ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದ. ಅವನಿಗೂ ಅದು ಹೊಸ ಸುದ್ದಿ. ಆ ಮನೆಯಲ್ಲಿ ಒಂದು ವರ್ಷ ಅಡಗಿದ್ದೆ, ಹೆಸರು ಕೇಳಿದ್ದರೆ ಆವತ್ತೇ ಹೊರಟುಹೋಗುತ್ತಿದ್ದೆ, ಹೋಗಿದ್ದರೆ ಇವತ್ತು ಬದುಕಿರುತ್ತಿರಲಿಲ್ಲ ಎಂದಳು. ಗಂಡ ಎದ್ದು ಅವಳ ಪಕ್ಕದಲ್ಲಿ ನಿಂತ, ಅಷ್ಟೇ. ಅಷ್ಟು ಸಾಕಾಗಿತ್ತು.

ಇನ್ನೊಂದು ಕಡೆಯಿಂದ ನರ್ಸಿನ ಬಟ್ಟೆಯಲ್ಲಿದ್ದವಳೊಬ್ಬಳು ಎದ್ದಳು, ಅವಳು ನಮ್ಮ ಕೊಡೆ. ಬಾಗಿಲ ಹತ್ತಿರ ದಿಂಬು. ನಾನು ಮುಖವನ್ನೂ ಮರೆತಿದ್ದ ಮತ್ತೆ ಕೆಲವರು. ಒಬ್ಬಳು ಎದ್ದದ್ದನ್ನು ನೋಡಿ ಇನ್ನೊಬ್ಬಳು ಏಳುತ್ತಿದ್ದಳು. ಬೇಕರಿಯವಳು ಬ್ರೆಡ್ಡಿನ ಜೊತೆಗೆ ಯಾರಿಗೆಲ್ಲ ಸುದ್ದಿ ಕಟ್ಟಿಕೊಟ್ಟಿದ್ದಳೋ ಏನೋ. ನಮ್ಮ ಮನೆಯಲ್ಲಿ ಎಂದೂ ಇರದಿದ್ದ ಒಂದಿಬ್ಬರು ಮುದುಕಿಯರೂ ಎದ್ದು ನಾನೂ ಇದ್ದೆ ಅಂದರು. ನಾನು ತುಟಿ ಎರಡು ಮಾಡಲಿಲ್ಲ. ಅತ್ತಿಗೆ ಮೈಕಿನ ಕಂಬ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಣ್ಣ ಸತ್ತಾಗಲೂ ಜನರ ಮುಂದೆ ಅತ್ತವಳಲ್ಲ ಅವಳು.

ಅಧ್ಯಕ್ಷೆ ಮೂಗು ಒರೆಸಿಕೊಂಡು, ಆ ಮೇಜನ್ನೂ ಯಂತ್ರವನ್ನೂ ಹೊರಗೆ ಹಾಕಿ ಎಂದರು. ಮೇಜಿನವನನ್ನು ಅಲ್ಲೇ ಇದ್ದ ಪೊಲೀಸರ ವಶಕ್ಕೆ ಕೊಟ್ಟರು. ಮಾತಾಡುವವರು ಮಾತಾಡಲಿ, ಬಾಯಿ ಇದ್ದರೆ ಸಾಕು ಎಂದರು. ಕಂಡಕ್ಟರು ನೆಲದಿಂದ ಎದ್ದರು. ಎಷ್ಟೋ ಹೊತ್ತಿನಿಂದ ತಡೆದಿಟ್ಟಿದ್ದನ್ನೆಲ್ಲ ಸೇರಿಸಿ, ಊಟದ ಹೊತ್ತು ಮೀರುವವರೆಗೆ ಮಾತಾಡಿದರು.

ಆದೇಶ ಬರಲು ಕೆಲವು ವಾರ ಹಿಡಿಯಿತು. ಆಶ್ರಯದ ಮನೆಗಳಲ್ಲಿ ಯಂತ್ರ ಇಡುವ ಹಾಗಿಲ್ಲ, ಈಗಾಗಲೇ ತೆಗೆದುಕೊಂಡ ಬೆರಳಚ್ಚುಗಳನ್ನು ಅಳಿಸಬೇಕು, ನಮ್ಮ ಪರವಾನಗಿ ಮುಂದುವರಿಯುತ್ತದೆ ಎಂದಿತ್ತು. ಬರಿಗೈಯ ಗಂಡನ ಕೆಲಸ ಹೋಯಿತು, ಅವಳ ಹತ್ತಿರ ಸುಳಿಯಬಾರದೆಂದು ಕೋರ್ಟು ಕಟ್ಟಳೆ ಹಾಕಿತು. ಆಸ್ಪತ್ರೆಯಲ್ಲಿ, ಪಿಂಚಣಿ ಆಫೀಸಿನಲ್ಲಿ ಯಂತ್ರ ಇನ್ನೂ ಇದೆ. ಅದಕ್ಕೇ ಪೋಸ್ಟಾಫೀಸಿನ ಮುಂದಿನ ಗುಂಪು ಈಗ ಎರಡರಷ್ಟಾಗಿದೆ. ನಾನೂ ಹೋಗುತ್ತೇನೆ. ಫಲಕ ಹಿಡಿದು ಕೈ ನೋಯುತ್ತದೆ ಎಂದು ಬಯ್ಯುತ್ತ ನಿಲ್ಲುತ್ತೇನೆ. ಈಚೆಗೆ ದಾರಿಯಲ್ಲಿ ಹೋಗುವವರು ನನ್ನನ್ನು ನೋಡಿ, ಇವರಿಗೆ ಕೆಲಸವಿಲ್ಲ ಎಂದು ಗೊಣಗುವುದು ಕೇಳಿಸುತ್ತದೆ. ಅವರೂ ಒಂದು ದಿನ ಬರುತ್ತಾರೆ ಎಂದು ನನಗೆ ನಂಬಿಕೆಯಿದೆ.

ಪುಟ್ಟಿ ಬೀದಿಯ ಮಕ್ಕಳ ಜೊತೆ ಆಡಲು ಹೊರಗೆ ಹೋಗುತ್ತಾಳೆ. ಬರಿಗೈ ಬೆಳಿಗ್ಗೆ ಬೇಕರಿಯಲ್ಲಿ ಹಿಟ್ಟು ನಾದಲು ಹೋಗಿ ಮಧ್ಯಾಹ್ನಕ್ಕೆ ಬರುತ್ತಾಳೆ. ಅತ್ತಿಗೆ ಈಗಲೂ ಯಾರ ಹೆಸರನ್ನೂ ಕೇಳುವುದಿಲ್ಲ. ಆದರೆ ಬಂದವರನ್ನು ಒಂದೇ ಒಂದು ಮಾತು ಕೇಳುತ್ತಾಳೆ, ಅವತ್ತಿನ ಪಾಠ ಅದು.

ಮೊನ್ನೆ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಅತ್ತಿಗೆಗೆ ಮಂಡಿನೋವು, ಕೌಂಟರಿನಿಂದ ಏಳುವಷ್ಟರಲ್ಲಿ ಬರಿಗೈಯೇ ಹೋಗಿ ಚಿಲಕ ತೆಗೆದಳು. ಹೊರಗೆ ನಿಂತಿದ್ದವಳಿಗೆ ಇನ್ನೂ ಚಿಕ್ಕ ವಯಸ್ಸು. ಮುಖ ಬೆಳ್ಳಗೆ ಬಿಳಿಚಿಕೊಂಡಿತ್ತು. ಒಳಗೆ ಬಂದು, ಯಾರೂ ಕೇಳದಿದ್ದರೂ ಹೆಸರು, ಸಂಖ್ಯೆ, ತಂದೆಯ ಹೆಸರು ಎಲ್ಲವನ್ನೂ ಗಡಗಡ ಒಪ್ಪಿಸಲು ಶುರುಮಾಡಿದಳು. ಅತ್ತಿಗೆ ಕೈ ಎತ್ತಿ ನಿಲ್ಲಿಸಿದಳು.

'ಅದೆಲ್ಲ ನಿನ್ನ ಹತ್ರಾನೇ ಇರ್ಲಿ. ಯಾರು ಬಂದ್ರೆ ನಾನು ಬಾಗಿಲು ತೆಗೀಬಾರದು, ಅದೊಂದು ಹೇಳು.'

ಹುಡುಗಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಬರಿಗೈ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟು, ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

'ಹೇಳಮ್ಮ, ಹೆದರ್ಬೇಡ. ನಾನು ಹೇಳಿದ್ದಕ್ಕೇ ಇವತ್ತೂ ಇಲ್ಲಿದ್ದೀನಿ.'